ನೋಟಿಸ್ ಹಚ್ಚಿದರೆ ಹುಡುಗರು ಸಮ್ಮೇಳನಕ್ಕೆ ಬರಲ್ಲ

ಬೀದರ್‌ನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಪತ್ರಿಕೋದ್ಯಮ ಕಲಿಸುತ್ತೇನೆ. ಕಲಬುರಗಿಯಲ್ಲಿ ಮೀಡಿಯಾ ಆಕ್ಟಿವಿಸಂ, ಅಂದರೆ ಪತ್ರಿಕೆ, ರೇಡಿಯೋ, ವಿಡಿಯೋ ಹಿಡಿದು ಜನರ ಪ್ರಶ್ನೆ ಎತ್ತುವ ಕೆಲಸದ ಬಗ್ಗೆ ಸಮ್ಮೇಳನ ಇದೆ ಅಂತ ಮೊದಲ ಸಲ ನೋಟಿಸ್ ಹಚ್ಚಿದಾಗ ವಿಚಾರಿಸಲು ಬಂದವರು ಇಬ್ಬರೇ. "ಮೇಡಂ, ಸರ್ಟಿಫಿಕೇಟ್ ಕೊಡ್ತಾರೇನ್ರಿ?" ಅಂದ ಒಬ್ಬ. "ಅಲ್ಲಿ ಧರಣಿ ಕೂಡಬೇಕೇನ್ರಿ?" ಅಂದಳು ಇನ್ನೊಬ್ಬಳು. ತಪ್ಪು ನನ್ನದೇ. ನೋಟಿಸ್‌ನಲ್ಲಿ 'ಮಾಧ್ಯಮ ಕ್ರಿಯಾಶೀಲತೆ ಕುರಿತ ವಿಚಾರ ಸಂಕಿರಣ' ಎಂದು ಬರೆದಿದ್ದೆ. ಈಗ ಓದಿದರೆ ನನಗೇ ಆಕಳಿಕೆ ಬರುತ್ತದೆ.

ಈಗ ಎರಡು ತಿಂಗಳು ಮೊದಲೇ ಶುರು ಮಾಡುತ್ತೇನೆ, ಅದೂ ಸಮ್ಮೇಳನದ ಹೆಸರೆತ್ತದೆ. ಮೊದಲು ತೆಲಂಗಾಣದ ಜಹೀರಾಬಾದ್ ಕಡೆಯ ಮಾತು. ನಮ್ಮೂರಿಂದ ಹೆಚ್ಚೆಂದರೆ ಒಂದು ಗಂಟೆ ದಾರಿ. ಅಲ್ಲಿನ ಮಾಚನೂರು ಹಳ್ಳಿಯಲ್ಲಿ 2008ರಲ್ಲಿ ಸಂಘಂ ರೇಡಿಯೋ ಶುರುವಾಯಿತು. ನಡೆಸಿದವರು ಹೊಲದಲ್ಲಿ ದುಡಿಯುವ ದಲಿತ ಹೆಂಗಸರು. ಬೀಜದ ಮಾತು, ಬೆಳೆಯ ಮಾತು, ಹಾಡು, ಎಲ್ಲ ತಮ್ಮ ಸೀಮೆಯ ತೆಲುಗಿನಲ್ಲೇ. "ಹೊಲಕ್ಕ ಹೋಗೋರು ರೇಡಿಯೋ ನಡಸ್ತಾರಾ?" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆಗ ಉತ್ತರ ಪ್ರದೇಶದ ಚಿತ್ರಕೂಟದ ಖಬರ್ ಲಹರಿಯಾ ಕಥೆ ತೆಗೆಯುತ್ತೇನೆ. 2002ರಲ್ಲಿ ಹಳ್ಳಿ ಹೆಂಗಸರು ತಮ್ಮ ಸೀಮೆಯ ಬುಂದೇಲಿ ಮಾತಿನಲ್ಲಿ ತಂದ ಪತ್ರಿಕೆ ಅದು, ಈಗ ವಿಡಿಯೋ ಸುದ್ದಿ ಮಾಡುತ್ತದೆ. ಇಷ್ಟು ಕೇಳಿದ ಮೇಲೆ ಆಕ್ಟಿವಿಸಂ ಅಂದರೆ ಬರೀ ಧರಣಿ ಅಂತ ಯಾರೂ ಅನ್ನಲ್ಲ.

ಆಮೇಲೆ ಹುಡುಗರಿಗೆ ಕೆಲಸ ಕೊಡಿ. ಇದೇ ಮುಖ್ಯ. ಮೊಬೈಲ್‌ನಲ್ಲಿ ಮೂರು ನಿಮಿಷದ ವಿಡಿಯೋ, ತಮ್ಮ ಓಣಿಯದೇ. ನಮ್ಮ ಹುಡುಗನೊಬ್ಬ ಬಿದ್ರಿ ಕೆಲಸದವರ ಹತ್ತಿರ ಕೂತು, ಒಂದು ಹೂದಾನಿಗೆ ಕೈಗೆ ಬರುವ ಕೂಲಿ ಎಷ್ಟು, ಅಂಗಡಿಯಲ್ಲಿ ಅದರ ಬೆಲೆ ಎಷ್ಟು ಅಂತ ಕೇಳಿ ಬಂದ. ಬಿದ್ರಿಗೆ ಬಳಸುವ ಕೋಟೆಯ ಮಣ್ಣಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕೂಲಿ ಯಾರೂ ಕೇಳಲ್ಲ ಅಲ್ವಾ? ವಿಡಿಯೋ ಬೇಡ ಅನ್ನುವವರಿಗೆ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಎರಡು ತಿಂಗಳು ಮೊದಲೇ ಶುರು ಮಾಡುವುದು ಇದಕ್ಕೇ. ಉತ್ತರ ಬರಲಿ ಬಿಡಲಿ, ಹುಡುಗರ ಕೈಯಲ್ಲಿ ಒಂದು ಪ್ರಶ್ನೆ ಇರುತ್ತದೆ. ಆಮೇಲೆ "ಕಲಬುರಗಿಗೆ ಹೋಗೋಣೇನ್ರಿ?" ಅಂತ ಅವರೇ ಕೇಳುತ್ತಾರೆ.

ಖರ್ಚು ದೊಡ್ಡ ಮಾತಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಹುಡುಗಿಯರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಗುರುತಿನ ಚೀಟಿ ಮರೆಯದಿದ್ದರೆ ಸಾಕು. ಹುಡುಗರಿಗೆ 2017ರಲ್ಲಿ ಶುರುವಾದ ಬೀದರ್-ಕಲಬುರಗಿ ರೈಲು ಮಾರ್ಗವೇ ಸೋವಿ.

ಕಷ್ಟ ಇರುವುದು ಮನೆಯವರನ್ನು ಒಪ್ಪಿಸುವುದರಲ್ಲಿ. ಫೋನ್ ಮಾಡಿದರೆ ಆಗಲ್ಲ. ನಾನು ಮನೆಗೇ ಹೋಗುತ್ತೇನೆ, ಚಹಾ ಕುಡಿಯುತ್ತೇನೆ. ಎಷ್ಟಕ್ಕೆ ಹೊರಡುತ್ತೇವೆ, ರಾತ್ರಿ ಎಲ್ಲಿ ಮಲಗುತ್ತೇವೆ, ಪಕ್ಕದಲ್ಲಿ ಯಾರಿರುತ್ತಾರೆ, ಎಲ್ಲ ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಡುತ್ತೇನೆ. ಅಪ್ಪನಿಗಲ್ಲ, ತಾಯಿಗೆ. ಒಮ್ಮೆ ಒಬ್ಬ ತಾಯಿ ಚೀಟಿ ಮಡಚಿಟ್ಟುಕೊಂಡು, "ನಾನೂ ಬರಬಹುದೇನ್ರಿ?" ಅಂದರು. ಕರೆದುಕೊಂಡು ಹೋದೆ.

ಸಮ್ಮೇಳನದಲ್ಲಿ ಇಂಗ್ಲಿಷ್ ಭಾಷಣಕ್ಕೆ ಹೆದರುವವರನ್ನು ಇಂಗ್ಲಿಷ್ ಬಲ್ಲವರ ಜೊತೆ ಜೋಡಿ ಮಾಡಿ ಕೂರಿಸಿ. ಊಟದ ಸಾಲಿನಲ್ಲಿ ಒಬ್ಬ ವರದಿಗಾರರನ್ನಾದರೂ ಹಿಡಿದು ವಿಡಿಯೋ ತೋರಿಸಲು ಹೇಳಿ.

ಇನ್ನು ಹಾಜರಾತಿ. ಕಾಲೇಜಿನವರ ಬಾಯಿಮಾತಿನ 'ಹೂಂ' ನಂಬಿ ಒಮ್ಮೆ ಕೆಟ್ಟಿದ್ದೇನೆ, ನಾಲ್ವರಿಗೆ ಅಟೆಂಡೆನ್ಸ್ ಹೋಯಿತು. ಈಗ ಹಾಜರಾತಿ ಪತ್ರಕ್ಕೆ ಅವರ ಸಹಿ ಹಾಕಿಸಿ, ಫೋಟೋ ಹೊಡೆದುಕೊಂಡೇ ಬಸ್ ಹತ್ತುವುದು.