ಹಳೆಯ ಕಟ್ಟೆಗೆ ಹೊಸ ಹಾಬ್: ಅಂಗಡಿಗೆ ಹೋಗುವ ಮೊದಲು ಕಿಂಡಿ ಅಳೆಯಿರಿ

ಅಡುಗೆ ಕಟ್ಟೆಯೊಳಗೆ ಕೂರಿಸಿದ ಗ್ಯಾಸ್ ಒಲೆ, ಅಂದರೆ ಹಾಬ್, ಕೆಟ್ಟಾಗ ಹೆಚ್ಚಿನವರು ನೇರವಾಗಿ ಅಂಗಡಿಗೆ ಹೋಗಿ ಹೊಸದನ್ನು ತಂದುಬಿಡುತ್ತಾರೆ; ಅದು ಹಳೆಯ ಕಿಂಡಿಯಲ್ಲಿ ಇಳಿಯುವುದಿಲ್ಲ ಎಂಬುದು ಪೆಟ್ಟಿಗೆ ಬಿಚ್ಚಿದ ಮೇಲೆ ತಿಳಿಯುತ್ತದೆ. ಮೇಲೆ ಕಾಣುವ ಗಾಜಿನ ಅಳತೆ ಬೇರೆ, ಕಲ್ಲಿನಲ್ಲಿರಬೇಕಾದ ಕಿಂಡಿಯ ಅಳತೆ ಬೇರೆ, ಮತ್ತು ಈ ಎರಡನೆಯದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಆದ್ದರಿಂದ ಮೊದಲು ಹಳೆಯ ಹಾಬನ್ನು ಎತ್ತಿ ಕಿಂಡಿಯ ಉದ್ದ, ಅಗಲಗಳನ್ನು ಮೂರು ಮೂರು ಕಡೆ ಅಳೆಯಬೇಕು. ಕೈಯಿಂದ ಕೊರೆದ ಕಿಂಡಿಯ ಬದಿಗಳು ನೇರವಾಗಿರುವುದು ಅಪರೂಪ. ಅತಿ ಚಿಕ್ಕ ಅಳತೆಯಲ್ಲಿ ಹೊಸ ಹಾಬಿನ ಒಡಲು ಇಳಿಯಬೇಕು, ಅತಿ ದೊಡ್ಡದನ್ನು ಅದರ ಗಾಜು ಮುಚ್ಚಬೇಕು. ಜೋಳದ ರೊಟ್ಟಿ ಬೇಯಿಸುವ ಮನೆಯವರು ತಮ್ಮ ಅಗಲವಾದ ಹಂಚನ್ನೂ ಅಂಗಡಿಗೆ ಒಯ್ದು ಬರ್ನರ್ ಮೇಲೆ ಇಟ್ಟು ನೋಡುವುದು ಒಳ್ಳೆಯದು. ನಗುವವರು ನಗಲಿ, ನಾಬಿನ ಮೇಲೆ ಚಾಚುವ ಹಂಚು ನಾಬನ್ನೇ ಸುಡುತ್ತದೆ.

ಹಳೆಯದನ್ನು ತೆಗೆಯುವಾಗ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಟ್ಯೂಬಿನಲ್ಲಿ ಉಳಿದ ಗ್ಯಾಸು ಉರಿದು ಮುಗಿಯುವವರೆಗೆ ಒಂದು ಬರ್ನರ್ ಹಚ್ಚಿಟ್ಟು, ರೆಗ್ಯುಲೇಟರನ್ನು ಬಿಚ್ಚಿದ ಬಳಿಕವೇ ಕಟ್ಟೆಯ ಕೆಳಗೆ ಹಾಬನ್ನು ಬಿಗಿದಿಡುವ ಹಿಡಿಕೆಗಳನ್ನೂ (ಕ್ಲ್ಯಾಂಪ್) ಟ್ಯೂಬನ್ನೂ ಸಡಿಲಿಸಬೇಕು. ಅಂಚಿನ ಅಂಟನ್ನು ತೆಳ್ಳನೆಯ ಬ್ಲೇಡಿನಿಂದ ಕತ್ತರಿಸಿ. ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಬಾರದು: ಹದಗೊಳಿಸಿದ ಗಾಜಿಗೆ ಅಂಚೇ ದುರ್ಬಲ, ಅಲ್ಲಿ ಪೆಟ್ಟು ಬಿದ್ದರೆ ಇಡೀ ಹಾಳೆ ಹರಳು ಹರಳಾಗಿ ಉದುರೀತು.

ಕಿಂಡಿ ಚಿಕ್ಕದಾದರೆ ಕೊರೆಸಬಹುದು, ಆದರೆ ಇಲ್ಲಿ ಕಲ್ಲಿನ ಗುಣ ತಿಳಿದಿರಬೇಕು. ಕಲಬುರಗಿಯ ಹಳೆಯ ಮನೆಗಳ ಕಟ್ಟೆಗೆ ಹಾಸಿದ ಶಹಾಬಾದ್ ಫರಸಿ ಪದರ ಪದರವಾಗಿ ಕೂಡಿದ ಸುಣ್ಣದ ಕಲ್ಲು. ಅಂಚನ್ನು ಬೆರಳಿನಿಂದ ಸವರಿದರೆ ಆ ಪದರಗಳು ಕೈಗೇ ತಿಳಿಯುತ್ತವೆ. ಸುತ್ತಿಗೆ, ಉಳಿ ಮುಟ್ಟಿಸಿದರೆ ಪದರ ಎದ್ದು ಬರುತ್ತದೆ. ಮೊದಲು ನಾಲ್ಕೂ ಮೂಲೆಗಳಲ್ಲಿ ಡ್ರಿಲ್ಲಿನಿಂದ ದುಂಡನೆಯ ತೂತು ಹಾಕಿ, ಅವುಗಳನ್ನು ಕೂಡಿಸುವಂತೆ ಕಟರ್ ಓಡಿಸುವುದು ಸರಿಯಾದ ಕ್ರಮ, ಏಕೆಂದರೆ ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಮುಂಭಾಗದಲ್ಲಿ 2 ಇಂಚಿಗಿಂತ ಕಡಿಮೆ ಕಲ್ಲು ಉಳಿಯುವಂತಿದ್ದರೆ ಆ ಹಾಬನ್ನು ಬಿಟ್ಟು ಬೇರೆಯದನ್ನು ಆರಿಸಿ. ಕೆಲಸ ಮುಗಿದ ಮೇಲೆ ಆ್ಯಸಿಡ್ ಹಾಕಿ ತೊಳೆಯುವವರಿದ್ದಾರೆ. ಸುಣ್ಣದ ಕಲ್ಲು ಅದಕ್ಕೆ ನೊರೆಯೆದ್ದು ಸವೆಯುತ್ತದೆ.

ಹಾಬಿನ ಅಡಿಯ ಅಂಚಿಗೆ ಅದರೊಂದಿಗೇ ಬಂದ ಸ್ಪಂಜಿನ ಪಟ್ಟಿ ಅಂಟಿಸಿ ಇಳಿಸಿದರೆ ಸಾಕು. ಸಿಲಿಕಾನ್ ಸುರಿದರೆ ಮುಂದಿನ ರಿಪೇರಿಗೆ ತೆಗೆಯುವುದು ಕಷ್ಟ. ಹಿಡಿಕೆಗಳನ್ನು ಹದವಾಗಿ ಬಿಗಿದು, ಐಎಸ್ಐ ಮುದ್ರೆಯ ಸುರಕ್ಷಾ ಟ್ಯೂಬನ್ನು ಜೋಡಿಸಬೇಕು. ಅದನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕಾದ್ದರಿಂದ ಹಳೆಯದರ ಮೇಲಿನ ವರ್ಷವನ್ನು ಓದಿ ನೋಡಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ನಿಲ್ಲುತ್ತದೆ. ಸಿಲಿಂಡರ್ ಕಟ್ಟೆಯ ಕೆಳಗಿದ್ದರೆ ಬಾಗಿಲಿನ ತಳಭಾಗದಲ್ಲಿ ಗಾಳಿಯಾಡುವ ಕಂಡಿಗಳು ಇರಲೇಬೇಕು.

ಕೊನೆಗೆ ಎಲ್ಲ ನಾಬ್‌ಗಳನ್ನು ಮುಚ್ಚಿಟ್ಟು ರೆಗ್ಯುಲೇಟರ್ ತೆರೆದು, ಪ್ರತಿಯೊಂದು ಜೋಡಣೆಗೂ ಸಾಬೂನಿನ ನೊರೆ ಹಚ್ಚಿ ಕೆಲ ನಿಮಿಷ ಕಾಯಿರಿ. ಒಂದೇ ಒಂದು ಗುಳ್ಳೆ ಉಬ್ಬುತ್ತಾ ಹೋದರೂ ಗ್ಯಾಸು ಮುಚ್ಚಿ ಅಲ್ಲಿ ಮತ್ತೆ ಬಿಗಿಯಬೇಕು. ವಾಸನೆ ನಿಲ್ಲದಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಗುಳ್ಳೆಯೂ ವಾಸನೆಯೂ ಇಲ್ಲದಿದ್ದರೆ ಒಲೆ ಹಚ್ಚಬಹುದು. ಉರಿ ನೀಲಿಯಾಗಿರಬೇಕು, ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಬರ್ನರಿಗೆ ಗಾಳಿ ಸಾಲುತ್ತಿಲ್ಲ, ಅದನ್ನು ಸರಿಪಡಿಸಲು ಮೆಕ್ಯಾನಿಕ್ ಬರಬೇಕು.