‘ಕ್ಲಿಂಗಿಂಗ್ ಟು ಎ ಸ್ಕೀಮ್’ ಆಲ್ಬಮ್ ಅನ್ನು ಕೇಳುವ ಬಗೆ

ಸ್ವೀಡನ್ನಿನ ಲುಂಡ್ ನಗರದ ‘ದಿ ರೇಡಿಯೋ ಡಿಪಾರ್ಟ್‌ಮೆಂಟ್’ ತಂಡವು 2010ರಲ್ಲಿ ಲ್ಯಾಬ್ರಡಾರ್ ಎಂಬ ಸಂಗೀತ ಸಂಸ್ಥೆಯ ಮೂಲಕ ಹೊರತಂದ ಈ ಆಲ್ಬಮ್, ಡ್ರೀಮ್ ಪಾಪ್‌ಗೆ, ಅಂದರೆ ಮಂಜು ಮುಸುಕಿದಂಥ ನಾದವೂ ಮೆಲುದನಿಯ ಗಾಯನವೂ ಬೆರೆತ ಪಾಪ್ ಸಂಗೀತಕ್ಕೆ, ಹೊಸಬರಾದವರು ಮೊದಲು ಕೇಳಲು ತಕ್ಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದರ 10 ಟ್ರ್ಯಾಕ್‌ಗಳು ಮುಗಿಯಲು ಮುಕ್ಕಾಲು ಗಂಟೆಯೂ ಬೇಕಾಗದು. ಆದ್ದರಿಂದ ಶಫಲ್ ಆಫ್ ಮಾಡಿ, ಮೊದಲಿನಿಂದ ಕೊನೆಯವರೆಗೆ ಒಂದೇ ಬಾರಿಗೆ ಕೇಳಿ.

ಮೊದಲ ಸಲ ಸಾಹಿತ್ಯದ ಬೆನ್ನು ಹತ್ತಬೇಡಿ. ಗಾಯಕ ಯೋಹಾನ್ ಡಂಕನ್ಸನ್ ಅವರ ದನಿಯನ್ನು ಇಲ್ಲಿ ವಾದ್ಯಗಳ ಮುಂದೆ ನಿಲ್ಲಿಸದೆ ಅವುಗಳ ನಡುವೆಯೇ ಇರಿಸಲಾಗಿದೆ. ಪದಗಳು ಸ್ಪಷ್ಟವಾಗಿ ಕೇಳಲಿಲ್ಲವೆಂದು ವಾಲ್ಯೂಮ್ ಏರಿಸಿದರೆ ಗಿಟಾರ್, ಸಿಂಥಸೈಜರ್‌ಗಳೂ ಅಷ್ಟೇ ಏರುವುದರಿಂದ ಪ್ರಯೋಜನವಾಗದು. ಆ ದನಿಯನ್ನೂ ಒಂದು ವಾದ್ಯವೆಂದೇ ಭಾವಿಸಿ.

ಎರಡನೆಯ ಸಲ ಹೆಡ್‌ಫೋನ್ ಬಳಸಿ. ಮೊದಲ ಹಾಡಾದ ‘ಡೊಮೆಸ್ಟಿಕ್ ಸೀನ್’ನಲ್ಲಿ ಗಿಟಾರಿನ ಎಳೆಗಳು ಒಂದರೊಳಗೊಂದು ಹೆಣೆದುಕೊಳ್ಳುವುದನ್ನೂ ಅವುಗಳ ಕೆಳಗೆ ಮಂದವಾದ ತಾಳವೊಂದು ಬಡಿಯುವುದನ್ನೂ ಬೇರೆಬೇರೆಯಾಗಿ ಗುರುತಿಸಲು ಯತ್ನಿಸಿ. ‘ನೆವರ್ ಫಾಲೋ ಸೂಟ್’ನಲ್ಲಿ ಜಮೈಕಾದ ರೆಗೆ ಸಂಗೀತದ ಲಯವಿದೆ. ‘ಫೋರ್ ಮಂತ್ಸ್ ಇನ್ ದ ಶೇಡ್’ನಲ್ಲಿ ಗಾಯನವೇ ಇಲ್ಲ, ಆದರೂ ಅದನ್ನು ದಾಟಿಸಿ ಮುಂದೆ ಹೋಗಬಾರದು.

ಸಾಹಿತ್ಯಕ್ಕೆ ಮೂರನೆಯ ಸಲ ಗಮನ ಕೊಟ್ಟರೆ ಸಾಕು. ಆಗ ‘ಹೆವನ್ಸ್ ಆನ್ ಫೈರ್’ನಿಂದ ಆರಂಭಿಸಿ. ಯುವಜನರ ಸಂಸ್ಕೃತಿಯನ್ನು ಬಂಡವಾಳಶಾಹಿ ಆಕ್ರಮಿಸುವುದರ ವಿರುದ್ಧ ಅಮೆರಿಕದ ಸಾನಿಕ್ ಯೂತ್ ರಾಕ್ ತಂಡದ ಥರ್ಸ್ಟನ್ ಮೂರ್ ಆಡಿದ ಮಾತಿನ ಧ್ವನಿಮುದ್ರಿಕೆಯಿಂದ ಆ ಹಾಡು ತೊಡಗುತ್ತದೆ; ಅದರ ಬೆನ್ನಿಗೇ ಬರುವ ಲವಲವಿಕೆಯ ರಾಗವನ್ನು ಆ ಮಾತಿನೊಂದಿಗೆ ಇಟ್ಟು ಕೇಳಿದಾಗ, ಮೆಲುದನಿಯ ಈ ತಂಡಕ್ಕೆ ಎಷ್ಟು ಖಚಿತವಾದ ರಾಜಕೀಯ ನಿಲುವಿದೆಯೆಂಬುದು ಮನದಟ್ಟಾಗುತ್ತದೆ. ಡ್ರೀಮ್ ಪಾಪ್ ಎಂದರೆ ನಿದ್ದೆ ಬರಿಸುವ ಹಿನ್ನೆಲೆ ಸಂಗೀತವೆಂದು ತಿಳಿದವರಿಗೆ ನಾನು ಮೊದಲು ಕೇಳಿಸಬಯಸುವುದು ಇದೇ ಹಾಡನ್ನು. ಆ ನಿಲುವು 2016ರ ‘ರನ್ನಿಂಗ್ ಔಟ್ ಆಫ್ ಲವ್’ ಆಲ್ಬಮ್‌ನಲ್ಲಿ ಇನ್ನಷ್ಟು ನೇರವಾಗಿ ವ್ಯಕ್ತವಾಗಿದೆ.

ಮುಂದೆ ಏನನ್ನು ಕೇಳಬೇಕೆಂಬುದು ನಿಮಗೆ ಇಲ್ಲಿ ಹಿಡಿಸಿದ್ದು ಯಾವುದು ಎಂಬುದನ್ನು ಅವಲಂಬಿಸಿದೆ. ಗಿಟಾರಿನ ಒರಟು ಗುಂಯ್‌ಗುಡುವಿಕೆ ಇನ್ನಷ್ಟು ಬೇಕೆನಿಸಿದರೆ 2003ರ ‘ಲೆಸ್ಸರ್ ಮ್ಯಾಟರ್ಸ್’ ಆಯ್ದುಕೊಳ್ಳಿ. ಸಿಂಥಸೈಜರಿನ ಮಂಜು ಮುಸುಕಿದಂಥ ನಾದವೇ ಇಷ್ಟವಾಗಿದ್ದರೆ 2006ರ ‘ಪೆಟ್ ಗ್ರೀಫ್’ ಕಡೆಗೆ ಹೋಗಿ.