ವಾರಸಾದಲ್ಲಿ ಆಯಿಯ ಹೆಸರು

ಅಪ್ಪ ತೀರಿಕೊಂಡಾಗ ಜಮಖಂಡಿ ಹತ್ತಿರ ಅವರೇ ಖರೀದಿ ಮಾಡಿದ್ದ ಹೊಲ, ಎರಡು ಕಡೆ ಠೇವಣಿ, ಸೊಸೈಟಿಯಲ್ಲಿ ಬೆಳೆಸಾಲ ಇದ್ದವು. ಮೃತ್ಯುಪತ್ರ, ಅಂದರೆ ಉಯಿಲು, ಬರೆದಿರಲಿಲ್ಲ. ಎಲ್ಲವನ್ನೂ ಸರಿಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಬೇಕಾದದ್ದು ಮರಣ ಪ್ರಮಾಣಪತ್ರ. 21 ದಿನದೊಳಗೆ ಸಾವನ್ನು ನೋಂದಣಿ ಮಾಡಿಸಿದರೆ ಸುಲಭ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ತರಬೇಕಾಗುತ್ತದೆ.

ಆಮೇಲೆ ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ತಲಾಠಿ (ಗ್ರಾಮ ಲೆಕ್ಕಿಗರು) ವಿಚಾರಣೆ ಮಾಡಿ ವರದಿ ಹಾಕುತ್ತಾರೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಕೊಟ್ಟ ಹೆಣ್ಣುಮಕ್ಕಳ ಹೆಸರು ಇಲ್ಲೇ ಬಿಟ್ಟುಹೋಗುತ್ತದೆ. ‘ಅಕ್ಕಂದಿರು ಕೇಳೋದಿಲ್ಲ ಬಿಡ್ರಿ’ ಅಂತ ನನಗೂ ಹೇಳಿದವರಿದ್ದರು. ಅಕ್ಕಂದಿರು ಕೇಳಲಿ, ಬಿಡಲಿ, ಹಕ್ಕು ಅವರದು. ನಾನು ಇಬ್ಬರ ಹೆಸರನ್ನೂ ಬರೆಸಿದೆ.

ಇನ್ನೊಂದು ಹೆಸರು ಯಾರಿಗೂ ನೆನಪೇ ಆಗುವುದಿಲ್ಲ. ಅದು ಆಯಿಯದು, ಅಂದರೆ ಅಪ್ಪನ ತಾಯಿಯದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಸತ್ತವನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆ ತಾಯಿಯೂ ಮೊದಲ ದರ್ಜೆಯ ವಾರಸದಾರಳು. ಸ್ವಂತ ಗಳಿಕೆಯ ಆಸ್ತಿಯಾದರೆ ಎಲ್ಲರಿಗೂ ಸಮಪಾಲು. ಹಾಗಾಗಿ ನಮ್ಮ ಹೊಲ ಐದು ಪಾಲು: ಆಯಿ, ಅವ್ವ, ಇಬ್ಬರು ಅಕ್ಕಂದಿರು, ನಾನು.

ಆಯಿಗೆ ಹೇಳಿದರೆ, ‘ನನ್ನ ಹೆಸರ ಯಾಕ ಬೇಕೋ ತಮ್ಮಾ, ಹೊಲ ನಿಮ್ಮದು’ ಅಂದರು. ಅವರಿಗೆ ಕೂತು ಬಿಡಿಸಿ ಹೇಳಿದೆ. ಅವರ ಹೆಸರು ಬಿಟ್ಟರೂ ಅವರ ಪಾಲು ಎಲ್ಲಿಗೂ ಹೋಗುವುದಿಲ್ಲ. ಅವರು ಏನೂ ಬರೆಯದೆ ತೀರಿಕೊಂಡರೆ ಆ ಪಾಲಿನಲ್ಲಿ ಅತ್ತೆ, ಕಾಕಾ, ಅಂದರೆ ಆಯಿಯ ಉಳಿದ ಮಕ್ಕಳಿಗೂ ಹಕ್ಕು ಬರುತ್ತದೆ. ಅದು ತಪ್ಪಲ್ಲ. ಆದರೆ ಆಯಿಯ ಮನಸ್ಸಿನಲ್ಲಿ ಏನಿದೆ ಅನ್ನುವುದು ಆಯಿ ಇರುವಾಗಲೇ ಕಾಗದದ ಮೇಲೆ ಬರಬೇಕು, ಅಲ್ವಾ? ಅತ್ತೆಯನ್ನೂ ಕಾಕಾನನ್ನೂ ಕರೆಸಿದೆವು. ಅವರ ಎದುರಿಗೇ ಆಯಿ, ತನ್ನ ಪಾಲು ಸೊಸೆಗೆ, ಅಂದರೆ ನಮ್ಮ ಅವ್ವನಿಗೆ, ಹೋಗಲಿ ಎಂದರು.

ವಾರಸಾ, ಅಂದರೆ ಸತ್ತವರ ಹೊಲವನ್ನು ವಾರಸದಾರರ ಹೆಸರಿಗೆ ಮಾಡಿಸುವ, ಅರ್ಜಿ ಹಾಕಿದ ಮೇಲೆ ನೋಟಿಸ್ ಹಚ್ಚುತ್ತಾರೆ. ತಕರಾರು ಬಾರದಿದ್ದರೆ ಉತಾರದಲ್ಲಿ (ಪಹಣಿಯಲ್ಲಿ) ಹೆಸರುಗಳು ಏರುತ್ತವೆ. ಮೊದಲು ಐದೂ ಹೆಸರು ಜಂಟಿಯಾಗಿ ಏರಿದವು. ಅದಾದ ಮೇಲೆಯೇ ಉಪನೋಂದಣಿ ಕಚೇರಿಗೆ ಹೋಗಿ ಆಯಿಯ ಹಕ್ಕುಬಿಡುಗಡೆ ಪತ್ರ ನೋಂದಣಿ ಮಾಡಿಸಿದೆವು. ಸುಮ್ನೆ ಬಾಂಡ್ ಪೇಪರ್ ಮೇಲೆ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರೆ ಜಮೀನಿನ ಹಕ್ಕು ಬಿಟ್ಟಂತೆ ಆಗುವುದಿಲ್ಲ. ಮನೆಯೊಳಗಿನ ಇಂಥ ಪತ್ರಕ್ಕೆ ಮುದ್ರಾಂಕ ಶುಲ್ಕ ಖರೀದಿ ಪತ್ರದಷ್ಟು ಜಾಸ್ತಿ ಇಲ್ಲ. ಅಕ್ಕಂದಿರು ತಮ್ಮ ಪಾಲು ಉಳಿಸಿಕೊಂಡಿದ್ದಾರೆ. ಅವರ ಹೆಸರು ಉತಾರದಲ್ಲಿ ಹಾಗೇ ಇದೆ.

ಒಂದು ಠೇವಣಿಗೆ ಅವ್ವ ನಾಮಿನಿ. ಅರ್ಜಿ, ಮರಣ ಪ್ರಮಾಣಪತ್ರ, ಗುರುತಿನ ಚೀಟಿ ಕೊಟ್ಟ ಮೇಲೆ ಹಣ ಬಂತು. ಆದರೆ ನಾಮಿನಿ ಅಂದರೆ ಬ್ಯಾಂಕಿನಿಂದ ಹಣ ತೆಗೆದುಕೊಳ್ಳುವವರು ಮಾತ್ರ. ಆ ಹಣವೂ ವಾರಸದಾರರೆಲ್ಲರದು. ಇನ್ನೊಂದು ಠೇವಣಿಗೆ ನಾಮಿನಿ ಇರಲಿಲ್ಲ. ಅದರ ಮೇಲೆ ಅಪ್ಪನ ಹೆಸರು ಬಸವರಾಜ ಅಂತಿತ್ತು, ಉತಾರದಲ್ಲಿ ಬಸಪ್ಪ. ಎರಡೂ ಒಬ್ಬರದೇ ಹೆಸರು ಎಂದು ಅಫಿಡವಿಟ್ ಮಾಡಿಸಿ, ವಕೀಲರ ಮೂಲಕ ಸಿವಿಲ್ ಕೋರ್ಟಿನಲ್ಲಿ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆವು. ಪೇಪರಿನಲ್ಲಿ ನೋಟಿಸ್ ಬಂತು, ಎಲ್ಲರೂ ಒಪ್ಪಿಗೆ ಕೊಟ್ಟೆವು, ಕೋರ್ಟ್ ಶುಲ್ಕ ಕಟ್ಟಿದೆವು. ಈ ಪ್ರಮಾಣಪತ್ರ ಠೇವಣಿ, ಷೇರು, ಬರಬೇಕಾದ ಬಾಕಿ ಇಂಥವಕ್ಕೆ ಮಾತ್ರ. ಹೊಲಕ್ಕೆ ನಡೆಯುವುದಿಲ್ಲ.

ಬೆಳೆಸಾಲವನ್ನು ಆ ಠೇವಣಿ ಹಣದಲ್ಲೇ ತೀರಿಸಿದೆವು. ಸತ್ತವರ ಸಾಲಕ್ಕೆ ಅವರು ಬಿಟ್ಟುಹೋದ ಆಸ್ತಿಯಷ್ಟೇ ಹೊಣೆ, ಮಕ್ಕಳ ಸ್ವಂತ ಗಳಿಕೆ ಅಲ್ಲ. ಸೊಸೈಟಿಯಿಂದ ಬಾಕಿ ಇಲ್ಲದ ಪತ್ರ ತಂದು ಕೊಟ್ಟು, ಉತಾರದ 11ನೇ ಕಾಲಂನಲ್ಲಿದ್ದ ಬೋಜಾ, ಅಂದರೆ ಹೊಲದ ಮೇಲಿನ ಸಾಲದ ನಮೂದು, ಕಡಿಮೆ ಮಾಡಿಸಿದೆ. ಸಾಲ ತೀರಿದರೂ ಬೋಜಾ ತಾನಾಗೇ ಇಳಿಯುತ್ತದೆ ಎಂದು ನಂಬಿ ಕೂರಬೇಡಿ. ಹೊಸ ಉತಾರ ತೆಗೆಸಿ ಕಣ್ಣಾರೆ ನೋಡಿ.